ಹನ್ನೊಂದನೆಯ ದಿನದ ರೋಗಿ

"ಹತ್ತು ದಿನವಾದರೂ ಸೇವೆ ಸೇವೆಯೇ ಅಲ್ಲವೇ?" ಮೆಡಿಕಲ್ ಮಿಷನ್ ತಂಡವೊಂದರ ಜೊತೆ ಆಫ್ರಿಕಕ್ಕೆ ಹೊರಟಿದ್ದ ಬೆಂಗಳೂರಿನ ತರುಣನೊಬ್ಬ ಹೇಳಿದ ಮಾತಿದು. ಚರ್ಚಿನವರಿಂದ ದುಡ್ಡು ಕೂಡಿಸಿ, ಕೆಲಸಕ್ಕೆ ರಜೆ ಹಾಕಿ ಹೊರಟ ಒಳ್ಳೆಯ ಹುಡುಗ. ಅವನ ಮನಸ್ಸಿನ ಮೇಲೆ ನನಗೆ ಅನುಮಾನವಿಲ್ಲ, ಮಾತು ಮಾತ್ರ ಒಪ್ಪಿಗೆಯಾಗಲಿಲ್ಲ. ಹತ್ತು ದಿನ ಇದ್ದವರು ವಿಮಾನ ಹತ್ತಿದ ಮೇಲೆ, ಹನ್ನೊಂದನೆಯ ದಿನ ರೋಗಿಯನ್ನು ನೋಡುವವರು ಯಾರು? ವೈದ್ಯಸೇವೆಯನ್ನು ಅಳೆಯಬೇಕಾದದ್ದು ಅಲ್ಲಿ.

ಇದನ್ನು ಕೇಳುವ ಹಕ್ಕು ನಮ್ಮ ಕೋಲಾರ ಸೀಮೆಗಿದೆ. ಒಂದು ಕಾಲಕ್ಕೆ ಮಿಷನರಿಗಳು ಹಡಗು ಹತ್ತಿ ಬರುತ್ತಿದ್ದ ಪರದೇಶ ನಾವೇ. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನಿಂದ ಗಡಿ ದಾಟಿದರೆ ಮದನಪಲ್ಲಿ. ಹಲವು ಮಿಷನ್‌ಗಳು ಸೇರಿ 1912ರಲ್ಲಿ ಅಲ್ಲಿ ಕ್ಷಯರೋಗದ ಸ್ಯಾನಟೋರಿಯಂ ತೆರೆದವು. ಅದೇ ಮುಂದೆ ಆರೋಗ್ಯವರಂ ಆಯಿತು. ಅದನ್ನು ಬೆಳೆಸಿದವರು ಡೆನ್ಮಾರ್ಕಿನ ಡಾ. ಕ್ರಿಶ್ಚಿಯನ್ ಫ್ರಿಮೋಟ್ ಮೊಲ್ಲರ್. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿಯುವುದಕ್ಕೆ ಇನ್ನೂ ಮೂವತ್ತು ವರ್ಷವಿತ್ತು. ಇದ್ದ ಮದ್ದೆಂದರೆ ಒಳ್ಳೆಯ ಗಾಳಿ, ಹೊಟ್ಟೆ ತುಂಬ ಊಟ, ತಿಂಗಳುಗಟ್ಟಲೆ ಹಾಸಿಗೆ. ರೋಗಿ ಮಲಗಿದಷ್ಟು ಕಾಲ ವೈದ್ಯನೂ ಇರಬೇಕಿತ್ತು, ಮೊಲ್ಲರ್ ಇದ್ದರು. ಆಮೇಲೆ ಅವರ ಮಗನೂ ಅಲ್ಲೇ ದುಡಿದರು. 1950ರ ದಶಕದಲ್ಲಿ ಸುತ್ತಲ ಹಳ್ಳಿಗಳಲ್ಲಿ ಕ್ಷಯ ಹೇಗೆ ಹರಡುತ್ತದೆಂದು ವರ್ಷಗಟ್ಟಲೆ ಅಧ್ಯಯನ ನಡೆಸಿದರು. ಈಗ ಮಾತ್ರೆ ಬಂದಿದೆ, ನಿಜ. ಆದರೆ ಅದನ್ನೂ ಸಾಮಾನ್ಯವಾಗಿ ಆರು ತಿಂಗಳು ಬಿಡದೆ ನುಂಗಬೇಕು.

ಒಂದು ದಿನದ ಶಿಬಿರಗಳು ನಮ್ಮ ಹಳ್ಳಿಗಳಿಗೂ ಹೊಸವಲ್ಲ. ಶಾಲೆಯ ಬೆಂಚಿನ ಮೇಲೆ ಮಾತ್ರೆಯ ರಾಶಿ. ಮಂಡಿನೋವೆಂದು ಬಂದ ಅಜ್ಜಿಗೆ ಸ್ಟ್ರಿಪ್ ಕತ್ತರಿಸಿ ಹತ್ತು ಮಾತ್ರೆ ಕೊಡುತ್ತಾರೆ. ಆ ತುಂಡಿನ ಮೇಲೆ ಮದ್ದಿನ ಹೆಸರು ಅರ್ಧ, ತಾರೀಖು ಇಲ್ಲವೇ ಇಲ್ಲ. ಮಾತ್ರೆ ಮುಗಿದ ಮೇಲೆ ಆಕೆ ಸೆರಗಿನ ಗಂಟು ಬಿಚ್ಚಿ, ಆ ಖಾಲಿ ತುಂಡನ್ನು ಮೆಡಿಕಲ್ ಶಾಪಿನವನ ಮುಂದೆ ಹಿಡಿದು "ಇದೇ ಕೊಡು ನಾಯನಾ" ಎನ್ನುತ್ತಾಳೆ. ಆ ನೋವಿನ ಮೂಲ ನೀರಿನಲ್ಲೂ ಇರಬಹುದು: ಕೋಲಾರ ಜಿಲ್ಲೆಯ ಎಷ್ಟೋ ಕಡೆ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ಚಿಕ್ಕಂದಿನಿಂದ ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುತ್ತದೆ, ಕೀಲು ಬಿಗಿಯುತ್ತದೆ. ನೋವಿನ ಮಾತ್ರೆಯನ್ನು ದಿನಾ ನುಂಗಿದರೆ ಮೂತ್ರಪಿಂಡಕ್ಕೂ ಪೆಟ್ಟು. "ಯಾವ ಬೋರಿನ ನೀರು ಕುಡೀತೀಯಮ್ಮ?" ಎಂದು ಕೇಳಬೇಕೆಂದು ಹೊಳೆಯುವುದು ಊರಿನಲ್ಲಿ ಉಳಿದ ವೈದ್ಯನಿಗೆ, ಇಲ್ಲವೇ ಆಶಾ ಕಾರ್ಯಕರ್ತೆಗೆ. ನಮ್ಮವರೇ ಮಾಡುವ ಶಿಬಿರದ ಪಾಡು ಇದಾದರೆ, ಭಾಷೆ, ಊಟ, ನೀರು ಒಂದೂ ತಿಳಿಯದ ನಾಡಿನಲ್ಲಿ ಹತ್ತು ದಿನಕ್ಕೆ ಏನು ತಿಳಿದೀತು?

ಶಸ್ತ್ರಚಿಕಿತ್ಸಕರ ಮಾತು ಬೇರೆ, ಒಪ್ಪುತ್ತೇನೆ. ಪೊರೆ ತೆಗೆದರೆ ಕಣ್ಣು ಬರುತ್ತದೆ, ಸೀಳುತುಟಿ ಹೊಲಿದರೆ ಮಗುವಿನ ಬಾಳು ಬದಲಾಗುತ್ತದೆ. ಅದಕ್ಕೆ ಅರ್ಧ ದಿನವೂ ಬೇಡ. ಆದರೂ ಕಣ್ಣಿಗೆ ವಾರಗಟ್ಟಲೆ ಹನಿ ಹಾಕಿಸುವವರು, ಕೀವಾದರೆ ನೋಡುವವರು ಅಲ್ಲಿ ಇರಲೇಬೇಕು.

ಇನ್ನೊಂದು ವಾದಕ್ಕೂ ತೂಕವಿದೆ: ನಾಲ್ಕು ದಿನಕ್ಕೆಂದು ಹೋದವರಲ್ಲೇ ಒಬ್ಬರು ಜೀವನವಿಡೀ ನಿಲ್ಲುವವರು ಸಿಗಬಹುದು. ಅಮೆರಿಕದ ಮಿಷನರಿ ಮನೆತನದ ಐಡಾ ಸ್ಕಡರ್ ಹಾಗೆಯೇ ಸಿಕ್ಕವರು. ಕಾಯಿಲೆಯಾಗಿದ್ದ ತಾಯಿಯನ್ನು ನೋಡಿಕೊಳ್ಳಲು ಬಂದ ಆಕೆಗೆ ಇಲ್ಲಿ ಉಳಿಯುವ ಮನಸ್ಸಿರಲಿಲ್ಲ. ಗಂಡು ವೈದ್ಯ ಮುಟ್ಟಕೂಡದೆಂಬ ಕಟ್ಟಿನಿಂದ ಒಂದೇ ರಾತ್ರಿ ಮೂವರು ಹೆಂಗಸರು ಹೆರಿಗೆಯಲ್ಲಿ ತೀರಿಕೊಂಡಿದ್ದು ಆಕೆಯನ್ನು ಬದಲಿಸಿತು. ಆದರೆ ಆಕೆ ಮರುದಿನವೇ ಕತ್ತರಿ ಹಿಡಿಯಲಿಲ್ಲ. ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿ 1900ರಲ್ಲಿ ವೆಲ್ಲೂರಿಗೆ ಮರಳಿದರು, 1918ರಲ್ಲಿ ಇಲ್ಲಿನ ಹೆಣ್ಣುಮಕ್ಕಳಿಗೇ ವೈದ್ಯಕೀಯ ಶಾಲೆ ತೆರೆದರು. ಊರಿನವರನ್ನೇ ವೈದ್ಯರನ್ನಾಗಿ ಮಾಡಿದ್ದು ಆಕೆಯ ದೊಡ್ಡ ಸೇವೆ. ಬೆಂಗಳೂರಿನ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಯ ಆಡಳಿತ 1989ರಲ್ಲಿ ಅಮೆರಿಕದ ಮಿಷನ್‌ನಿಂದ, ಆ ಶಾಲೆಯಿಂದಲೇ ಬೆಳೆದ ವೆಲ್ಲೂರಿನ ಸಂಸ್ಥೆಯ ಕೈಗೆ ಬಂತು.

ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಮೇಲು ಎಂಬ ಮಾತು, ತಪ್ಪು ಮಾತ್ರೆ ನುಂಗಿದವನ ಮುಂದೆ ನಿಲ್ಲುವುದಿಲ್ಲ.

ಮತಾಂತರದ ಆಕ್ಷೇಪವನ್ನು ಹಾಗೆ ತಳ್ಳಿಹಾಕಲಾರೆ. ನರಳುವವನಿಗೆ ಬೇಡವೆನ್ನುವ ಧೈರ್ಯ ಇರುವುದಿಲ್ಲ. ಆದ್ದರಿಂದ ಮಾತ್ರೆಯನ್ನೂ ಪ್ರಾರ್ಥನೆಯನ್ನೂ ಒಂದೇ ಮೇಜಿನ ಮೇಲೆ ಇಡಬಾರದು. ನೆಲೆನಿಂತ ಆಸ್ಪತ್ರೆಯಲ್ಲಿ ಈ ಭಯ ಕಡಿಮೆ. ಮೆಥೊಡಿಸ್ಟರು ಕಟ್ಟಿದ ಕೋಲಾರದ ಇಟಿಸಿಎಂ ಆಸ್ಪತ್ರೆಯಲ್ಲಿ ಎಲ್ಲ ಜಾತಿ ಮತದ ಹೆಣ್ಣುಮಕ್ಕಳೂ ಹೆತ್ತು, ತಮ್ಮ ತಮ್ಮ ದೇವರ ಹೆಸರನ್ನೇ ಮಕ್ಕಳಿಗಿಟ್ಟಿದ್ದಾರೆ.

ನನಗೆ ತಡೆಯಲಾಗದ ಸಿಟ್ಟು ಬರುವುದು ಒಂದಕ್ಕೆ. ಇಲ್ಲಿ ಒಂದು ಹಲ್ಲು ಕೀಳಲೂ ಅನುಮತಿಯಿಲ್ಲದ ವಿದ್ಯಾರ್ಥಿ ಅಲ್ಲಿ ಹೋಗಿ ಇಕ್ಕಳ ಹಿಡಿಯುವುದು ಅಪರಾಧ. ಹೊರದೇಶದ ವೈದ್ಯರು ಅನುಮತಿ ಪಡೆಯದೆ ನಮ್ಮವರಿಗೆ ಚಿಕಿತ್ಸೆ ಮಾಡಲು ನಮ್ಮ ಕಾನೂನು ಬಿಡುವುದಿಲ್ಲ. ಅಲ್ಲಿನ ಬಡವನ ದೇಹ ನಮ್ಮವರ ದೇಹಕ್ಕಿಂತ ಅಗ್ಗವೇ?

ಹೋಗಲೇಬೇಕೆನ್ನುವವರು ಮೊದಲು ಅಲ್ಲಿನ ಆಸ್ಪತ್ರೆಗೆ ಬರೆದು ಕೇಳಿ: ನಿಮಗೆ ಬೇಕಾದ್ದೇನು, ನಾವು ಬಂದು ಹೋದ ಮೇಲೆ ಈ ರೋಗಿಗಳನ್ನು ನೋಡುವವರಾರು? ನೀವು ಬರುವುದು ಬೇಡ, ಟಿಕೆಟ್ಟಿನ ದುಡ್ಡಿನಲ್ಲಿ ನಮ್ಮೂರಿನ ಒಬ್ಬ ಹುಡುಗಿಗೆ ನರ್ಸಿಂಗ್ ಓದಿಸಿ ಎಂದು ಅವರು ಬರೆದರೆ, ದಯವಿಟ್ಟು ಹಾಗೆಯೇ ಮಾಡಿ.