‘ನೈಸ್’ ಎಂಬ ವಿಶೇಷಣ

ಬಹುಕಾಲ ಕೈಯಿಂದ ಕೈಗೆ ತಿರುಗಿದ ನಾಣ್ಯದ ಮುದ್ರೆ ಸವೆಯುವುದು ಸಹಜ. ಇಂಗ್ಲಿಷಿನ ‘ನೈಸ್’ ಎಂಬ ವಿಶೇಷಣಕ್ಕೂ ಅದೇ ಗತಿಯಾಗಿದೆ. ಹವೆ ನೈಸ್, ಊಟ ನೈಸ್, ನೆರೆಮನೆಯವರು ನೈಸ್, ಕಾದಂಬರಿಯೂ ನೈಸ್! ಉಪಾಧ್ಯಾಯರು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಈ ಪದವನ್ನು ಕೆಂಪು ಮಸಿಯಿಂದ ಹೊಡೆದುಹಾಕುವುದುಂಟು. ಹೊಡೆದುಹಾಕಿದ ಮಾತ್ರಕ್ಕೆ ರೋಗ ವಾಸಿಯಾಗದೆಂಬುದು ನನ್ನ ಅಭಿಪ್ರಾಯ.

ಇದರ ಮೂಲ, ‘ಅರಿಯದವನು’ ಎಂಬರ್ಥದ ಲ್ಯಾಟಿನ್ನಿನ ‘ನೆಸ್ಕಿಯುಸ್’. ಫ್ರೆಂಚಿನ ಮೂಲಕ ಸುಮಾರು 1300ರ ವೇಳೆಗೆ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ದಡ್ಡ ಎಂದು. ಬರಬರುತ್ತ ಅದು ಅತಿ ನಾಜೂಕಿನವನನ್ನು ಸೂಚಿಸಿತು. 16ನೆಯ ಶತಮಾನದಲ್ಲಿ ಸೂಕ್ಷ್ಮ, ಕರಾರುವಾಕ್ಕು ಎಂಬ ಅರ್ಥಗಳನ್ನು ತಳೆಯಿತು. ಹಿತವಾದದ್ದು ಎಂಬ ಅರ್ಥ ಬಳಕೆಗೆ ಬಂದದ್ದು 18ನೆಯ ಶತಮಾನದಲ್ಲಿ. ಬೈಗುಳವಾಗಿ ಹುಟ್ಟಿ ಹೊಗಳಿಕೆಯಾಗಿ ಬೆಳೆದ ಪದವಿದು. ಆದರೂ ‘ನೈಸ್ ಡಿಸ್ಟಿಂಕ್ಷನ್’ ಎಂದರೆ ಇಂದಿಗೂ ಹಿತವಾದ ವ್ಯತ್ಯಾಸವಲ್ಲ, ಸೂಕ್ಷ್ಮವಾದ ವ್ಯತ್ಯಾಸ.

1817ರ ಕೊನೆಯಲ್ಲಿ, ಜೇನ್ ಆಸ್ಟೆನ್ ತೀರಿಕೊಂಡ ಕೆಲವು ತಿಂಗಳ ಮೇಲೆ ಪ್ರಕಟವಾದ ‘ನಾರ್ಥ್ಯಾಂಗರ್ ಅಬೆ’ಯಲ್ಲಿ ಈ ಜಗಳ ಸೊಗಸಾಗಿ ನಡೆದಿದೆ. ಕ್ಯಾಥರೀನ್ ಒಂದು ಕಾದಂಬರಿಯನ್ನು ನೈಸ್ ಎನ್ನುತ್ತಾಳೆ. ಹೆನ್ರಿ ಟಿಲ್ನಿ ಆ ಪದವನ್ನು ಹಿಡಿದುಕೊಂಡು ಆಕೆಯನ್ನು ಗೇಲಿಮಾಡುತ್ತಾನೆ. ಆಗ ಅವನ ತಂಗಿ ಅದೇ ಪದವನ್ನು ಹಳೆಯ ಅರ್ಥದಲ್ಲಿ ಅವನ ಮೇಲೆಯೇ ತಿರುಗಿಸಿ, ಅವನಲ್ಲಿ ವಿವೇಕಕ್ಕಿಂತ ನಾಜೂಕು ಹೆಚ್ಚಾಯಿತೆಂದು ಗದರುತ್ತಾಳೆ. ಒಂದೇ ಸಂಭಾಷಣೆಯಲ್ಲಿ ಪದದ ಎರಡು ಜನ್ಮಗಳೂ ಎದುರುಬದುರಾಗುತ್ತವೆ.

ಕೌತುಕವೆಂದರೆ, ಇಂಗ್ಲಿಷಿನವರ ಬಾಯಲ್ಲಿ ಸಡಿಲವಾದ ಈ ಪದ ನಮ್ಮ ಅಡಿಗೆಮನೆಯಲ್ಲಿ ಮತ್ತೆ ಬಿಗಿಯಾಗಿದೆ. ಇಡ್ಲಿಗೆ ಉದ್ದನ್ನು ನೈಸಾಗಿ ರುಬ್ಬಬೇಕು, ಅಕ್ಕಿ ತರಿಯಾಗಿರಬೇಕು ಎನ್ನುವ ಗೃಹಿಣಿಯ ಮಾತಿನಲ್ಲಿ ಸಂದಿಗ್ಧವೇ ಇಲ್ಲ. ಅಲ್ಲಿ ನೈಸ್ ಎಂದರೆ ನುಣುಪು, ಬೆರಳಿಗೆ ತಿಳಿಯುವ ಗುಣ. ಕೆಲಸದ ಹೊತ್ತಿಗೆ ಒಬ್ಬ ‘ನೈಸಾಗಿ ಜಾರಿಕೊಂಡ’ ಎಂದಾಗಲೂ ಆ ನುಣುಪೇ ಅವನ ನಡತೆಗೆ ಅಂಟಿದೆ.

ಆದ್ದರಿಂದ ದೋಷ ಪದದ್ದಲ್ಲ, ನೋಡದೆಯೇ ನುಡಿಯುವ ಮನಸ್ಸಿನದು. ನೈಸನ್ನು ಹೊಡೆದು ‘ಚೆನ್ನಾಗಿದೆ’ ಎಂದು ಬರೆಸಿದರೆ ಬಂದ ಲಾಭವೇನು? ಅತಿಥಿ ಕಾಫಿ ಕುಡಿದು ಚೆನ್ನಾಗಿದೆ ಎಂದರೆ ಸಾಕು, ಅದು ಸೌಜನ್ಯ. ವಿಮರ್ಶೆ ಸೌಜನ್ಯದ ಮಾತಲ್ಲ. ಕೃತಿ ಚೆನ್ನಾಗಿದೆ ಎಂದ ವಿದ್ಯಾರ್ಥಿಯನ್ನು ‘ಯಾವ ಪುಟದಲ್ಲಿ, ಯಾವ ಬಗೆಯಲ್ಲಿ?’ ಎಂದು ಉಪಾಧ್ಯಾಯರು ಕೇಳಲಿ. ಉತ್ತರ ಹುಡುಕುತ್ತ ಅವನು ಪುಸ್ತಕವನ್ನು ಮತ್ತೊಮ್ಮೆ ತೆರೆಯುತ್ತಾನೆ. ಎಲ್ಲ ಪುಸ್ತಕಗಳಿಗೂ ಒಪ್ಪುವ ಹೊಗಳಿಕೆ ಯಾವ ಪುಸ್ತಕವನ್ನೂ ಓದಿದ್ದಕ್ಕೆ ಸಾಕ್ಷಿಯಾಗದು.