ನೋಯದ ಕಣ್ಣೂ ಕೈಕೊಡಬಹುದು

ಹೈದರಾಬಾದಿನ ಬಂಜಾರಾ ಹಿಲ್ಸ್‌ನಲ್ಲಿರುವ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯನ್ನು ಡಾ. ಗುಳ್ಳಪಲ್ಲಿ ನಾಗೇಶ್ವರ ರಾವ್ 1987ರಲ್ಲಿ ಕಟ್ಟಿದರು. ಬೀದರ್, ಕಲಬುರಗಿ ಕಡೆಯವರಿಗೆ ಬೆಂಗಳೂರಿಗಿಂತ ಈ ಊರೇ ಹತ್ತಿರ. ಆದರೂ ಕಣ್ಣಿನ ಒಳಹಿಂಬದಿಯ ಪದರವಾದ ರೆಟಿನಾ ವಿಷಯದಲ್ಲಿ ದೂರಕ್ಕಿಂತ ತಡವೇ ಹೆಚ್ಚು ಕೆಡಿಸುತ್ತದೆ.

ರೆಟಿನಾ ನೋಯುವುದಿಲ್ಲ. ಅದೇ ಮೋಸ.

ಬಿಳಿ ಗೋಡೆ ನೋಡಿದಾಗ ಇದ್ದಕ್ಕಿದ್ದಂತೆ ಮಸಿ ಸಿಡಿದ ಹಾಗೆ ಚುಕ್ಕೆಗಳು, ಕತ್ತಲಲ್ಲಿ ಕಣ್ಣಂಚಿನ ಮಿಂಚು, ಒಂದು ಬದಿಯಿಂದ ಪರದೆ ಎಳೆದಂಥ ನೆರಳು: ರೆಟಿನಾ ಹರಿದಿರಬಹುದು, ಕಳಚುತ್ತಿರಬಹುದು. ‘ಪೊರೆ ಇರಬೇಕು, ಹಬ್ಬ ಮುಗಿಯಲಿ’ ಎನ್ನದೆ ಅಂದೇ ತೋರಿಸಬೇಕು. ಬರೀ ಹರಿದಿದ್ದರೆ ಲೇಸರ್ ಸಾಕಾದೀತು. ಕಳಚಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಗತಿ.

ಸಕ್ಕರೆ ಕಾಯಿಲೆಯವರಿಗೆ ರೆಟಿನಾ ಕೆಡುತ್ತಿದ್ದರೂ ಮೊದಮೊದಲು ಇಂಥ ಸುಳಿವೂ ಸಿಗದು. ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡುವ ವರ್ಷದ ತಪಾಸಣೆಯನ್ನು ರಕ್ತಪರೀಕ್ಷೆಯ ಚೀಟಿಯಲ್ಲೇ ವೈದ್ಯರು ಬರೆದುಕೊಡಲಿ.