ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ

ಅಪ್ಪನ ಬೈಕ್ ನಿಲ್ಲುವ ಜಾಗದಲ್ಲಿ ಅಂಗೈಯಗಲದ ಕಪ್ಪು ಕಲೆ ಬಿದ್ದಿತ್ತು. ನನಗಿಂತ ಎರಡು ವರ್ಷ ಹಳೆಯದಾದ ನೂರು ಸಿ.ಸಿ. ಬೈಕ್ ಅದು. ಅಪ್ಪ ದಿನವೂ ಕೆಲಸಕ್ಕೆ ಹೋಗುವುದು ಅದರಲ್ಲೇ. ‘ಮೆಕ್ಯಾನಿಕಲ್ ಓದ್ತಿದೀಯಲ್ಲ, ಆಯಿಲ್ ಯಾಕೆ ಸೋರುತ್ತೆ ನೋಡೋ’ ಎಂದರು ಒಂದು ಭಾನುವಾರ.

ಹನಿ ಬೀಳುತ್ತಿದ್ದುದು ಕ್ಲಚ್ ಕವರಿನ ಕೆಳಗಿನಿಂದ. ಕವರ್ ಸಡಿಲವಾಗಿದೆ ಎಂದು ತೀರ್ಮಾನಿಸಿ ಬೋಲ್ಟುಗಳನ್ನು ಶಕ್ತಿಯಿದ್ದಷ್ಟು ಬಿಗಿದೆ. ನಾಲ್ಕನೆಯದು ಇದ್ದಕ್ಕಿದ್ದಂತೆ ಹಗುರಾಗಿ ಸುತ್ತತೊಡಗಿತು. ಒಳಗಿನ ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತುಬಂದಿತ್ತು. ಮರುದಿನ ಅಪ್ಪ ಏನೂ ಹೇಳದೆ ಬಸ್ಸಿಗೆ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಅಂಥ 6 ಮಿಲಿಮೀಟರ್ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಟಾರ್ಕ್ ಸಾಕು. ಟಾರ್ಕಿನ ಲೆಕ್ಕ ಬಿಡಿಸಿ ಅಂಕ ಪಡೆದವನು ನಾನು. ಆದರೆ ಅಷ್ಟು ಟಾರ್ಕ್ ಎಂದರೆ ಕೈಗೆ ಎಷ್ಟು ಭಾರ ಎಂಬುದು ತಿಳಿದಿರಲಿಲ್ಲ.

ಥ್ರೆಡ್ ಸರಿಮಾಡಿಕೊಟ್ಟ ಲೇತ್ ಅಂಗಡಿಯವರು ಹೇಳಿದರು: ‘ತೊಟ್ಟಿಕ್ಕೋ ಜಾಗದಲ್ಲೇ ಸೋರಲ್ಲ ತಮ್ಮಾ. ಮೊದಲು ತೊಳೆದು ನೋಡು.’ ಹೆಂಚಿನ ಮನೆಯಲ್ಲಿ ಬೆಳೆದ ನನಗೆ ಇದು ಹೊಳೆಯಬೇಕಿತ್ತು. ಹೆಂಚು ಒಡೆದಿರುವುದು ಒಂದು ಕಡೆ, ನಾವು ಪಾತ್ರೆ ಇಡುವುದು ಇನ್ನೊಂದು ಕಡೆ.

ಕವರಿಗೆ ಹೊಸ ಪ್ಯಾಕಿಂಗ್ ಹಾಕಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದೆ. ತಣ್ಣಗಿದ್ದ ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ಒರೆಸಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ ಮೂರು ಕಿಲೋಮೀಟರ್ ಓಡಿಸಿದೆ. ಪೌಡರ್ ಒದ್ದೆಯಾಗಿದ್ದು ಮೇಲೆ, ಟ್ಯಾಪೆಟ್ ಮುಚ್ಚಳದ ಸುತ್ತ! ಅಲ್ಲಿಂದ ಆಯಿಲ್ ಫಿನ್‌ಗಳ ಮೇಲೆ ಜಾರಿ, ಗಾಳಿಗೆ ಹಿಂದೆ ಸರಿದು ಕ್ಲಚ್ ಕವರಿಗೆ ಇಳಿಯುತ್ತಿತ್ತು. ಮುಚ್ಚಳದೊಳಗಿನ ರಬ್ಬರ್ ರಿಂಗ್ ವರ್ಷಾನುಗಟ್ಟಲೆ ಬಿಸಿಗೆ ಬೆಂದು ಬಳೆಯಂತೆ ಗಟ್ಟಿಯಾಗಿತ್ತು. ಅದನ್ನು ಬದಲಿಸಿದೆ, ಬ್ರೀದರ್ ಪೈಪ್ ಕಟ್ಟಿಲ್ಲವೆಂದು ನೋಡಿದೆ, ಕಡಿಮೆಯಾಗಿದ್ದ ಆಯಿಲ್ ತುಂಬಿದೆ. ಸೋರಿಕೆ ನಿಂತಿತು.

ನಾಲ್ಕು ವರ್ಷದ ಬಿ.ಇ.ಯಲ್ಲಿ ಒಂದು ಎಂಜಿನ್ನನ್ನೂ ಬಿಚ್ಚದೆ ಪಾಸಾಗುವವರು ನಮ್ಮಲ್ಲಿ ಬಹಳ. ಲ್ಯಾಬಿನಲ್ಲಿ ಒಬ್ಬ ರೀಡಿಂಗ್ ತೆಗೆದರೆ ಉಳಿದವರು ಬರೆದುಕೊಳ್ಳುತ್ತೇವೆ. ಪ್ರತಿ ಬ್ಯಾಚಿಗೆ ಗುಜರಿಯ ಒಂದು ಹಳೆಯ ಎಂಜಿನ್ ಕೊಡಲಿ. ಬಿಚ್ಚಿ, ಜೋಡಿಸಿ, ಸೋರದಂತೆ ಓಡಿಸಿ ತೋರಿಸಿದರೆ ಮಾತ್ರ ಅಂಕ ಕೊಡಲಿ. ಒಂದು ಬೋಲ್ಟ್ ಹಾಳಾದರೂ ನಷ್ಟವಿಲ್ಲ, ಅಲ್ಲಿ ಯಾರ ಅಪ್ಪನೂ ಬಸ್ಸಿಗೆ ಹೋಗಬೇಕಾಗಿಲ್ಲ.

‘ನೂರಿನ್ನೂರು ಕೊಟ್ಟರೆ ಮೆಕ್ಯಾನಿಕ್ ಮಾಡಿಕೊಡುತ್ತಾನೆ, ಎಂಜಿನಿಯರ್ ಯಾಕೆ ಕೈ ಮಸಿ ಮಾಡಿಕೊಳ್ಳಬೇಕು?’ ಎನ್ನುವ ಗೆಳೆಯರಿದ್ದಾರೆ. ನಾನು ಕಲಿತದ್ದು ರಿಂಗ್ ಬದಲಿಸುವುದನ್ನಷ್ಟೇ ಅಲ್ಲ, ಕಾರಣ ಹುಡುಕುವ ಮೊದಲು ಸ್ಪ್ಯಾನರ್ ಎತ್ತಬಾರದು ಎಂಬುದನ್ನು. ನಾಳೆ ಕೆಲಸಕ್ಕೆ ಸೇರಿದ ಮೇಲೆ ಯಂತ್ರವಾಗಲಿ, ಪ್ರೋಗ್ರಾಂ ಆಗಲಿ, ಕೆಟ್ಟಾಗ ಬೇಕಾಗುವುದು ಇದೇ.

ಮನೆಯಲ್ಲಿ ಹಳೆಯ ಬೈಕ್ ಇದ್ದರೆ ಈ ರಜೆಯಲ್ಲಿ ಒರೆಸಿ, ಪೌಡರ್ ಹಾಕಿ ನೋಡಿ ಗೆಳೆಯರೇ. ಬಿಗಿಯುವುದು ಆಮೇಲೆ.